ಸರ್ಕಾರಿ ಕೆಲಸ ಮಾಡಿದ ನಮ್ಮೂರ ಹೆಂಗಸರ ಹೆಸರು ಎಲ್ಲಿ ಬರೆದಿದೆ?

ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ನಮಸ್ಕಾರ. ಮಾರ್ಚ್ 8, ಮಹಿಳಾ ದಿನ, ಹತ್ತಿರ ಬರುತ್ತಿದೆ. ಪ್ರತಿ ವರ್ಷದ ಹಾಗೆ ಈ ಸಲವೂ ಜಿಲ್ಲೆಯಲ್ಲಿ ಒಂದಷ್ಟು ಸನ್ಮಾನ ಆಗುತ್ತದೆ. ಶಾಲು, ಹಾರ, ಫಲತಾಂಬೂಲ, ಒಂದು ಸ್ಮರಣಿಕೆ. ಮಾಡಲಿ, ಸಂತೋಷವೇ. ಆದರೆ ಇನ್ನೊಂದು ಕೆಲಸ ಆಗಲೇಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿದೆ. ಅದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತೇನೆ.

ನಾನು ಕಂದಾಯ ಇಲಾಖೆಗೆ ಗುಮಾಸ್ತೆಯಾಗಿ ಸೇರಿ ಶಿರಸ್ತೇದಾರ್ ಆಗಿ ನಿವೃತ್ತಿ ಆದವಳು. ತಾಲ್ಲೂಕು ಕಚೇರಿಗೆ ಹೋದವರೆಲ್ಲ ತಹಶೀಲ್ದಾರರ ಕುರ್ಚಿ ಹಿಂದಿನ ಗೋಡೆ ನೋಡಿರುತ್ತೀರಿ. ಅಲ್ಲೊಂದು ಉದ್ದದ ಮರದ ಹಲಗೆ ಇರುತ್ತದೆ. ಕ್ರಮ ಸಂಖ್ಯೆ, ಹೆಸರು, ಇಂದ, ವರೆಗೆ. ಹೊಸಬರು ಬಂದಾಗಲೆಲ್ಲ ಪೇಂಟರ್ ಕರೆಸಿ ಒಂದು ಸಾಲು ಸೇರಿಸುತ್ತಾರೆ. ಮೂರೇ ತಿಂಗಳು ಇದ್ದು ವರ್ಗವಾಗಿ ಹೋದವರ ಹೆಸರೂ ಅಲ್ಲಿ ಇರುತ್ತದೆ. ಅದೇ ಕಚೇರಿಯಲ್ಲಿ ಇಡೀ ಸರ್ವಿಸು ಕೂತು ಪಹಣಿ, ವಿಧವಾ ವೇತನ, ಬರ ಪರಿಹಾರದ ಕಡತ ನೋಡಿದವರ ಹೆಸರು ಎಲ್ಲೂ ಇಲ್ಲ. ಬೆರಳಚ್ಚುಗಾರ್ತಿಯರ ಹೆಸರಿಲ್ಲ. ಹಳ್ಳಿ ಹಳ್ಳಿ ತಿರುಗಿದ ಗ್ರಾಮ ಲೆಕ್ಕಿಗರ ಹೆಸರಿಲ್ಲ. ಶಾಲೆಯಲ್ಲೂ ಹೀಗೇ, ಹಲಗೆ ಇರುವುದು ಮುಖ್ಯ ಶಿಕ್ಷಕರಿಗೆ ಮಾತ್ರ. ಅಂಗನವಾಡಿಯಲ್ಲಿ ಹಲಗೆಯೇ ಇಲ್ಲ.

ಹೆಂಗಸರು ಹೆಚ್ಚಾಗಿ ಇದ್ದದ್ದು ಈ ಹಲಗೆಗೆ ಹತ್ತದ ಹುದ್ದೆಗಳಲ್ಲೇ. ದಾದಿ, ಶಿಕ್ಷಕಿ, ಗುಮಾಸ್ತೆ, ಅಂಗನವಾಡಿ ಕಾರ್ಯಕರ್ತೆ, ಸಹಾಯಕಿ, ಬಿಸಿಯೂಟದವರು. ಹಾಗಾಗಿ ಹಲಗೆ ನೋಡಿದವರಿಗೆ, ಇಲ್ಲಿ ಹೆಂಗಸರು ಕೆಲಸ ಮಾಡಿಯೇ ಇಲ್ಲವೇನೋ ಅನ್ನಿಸುತ್ತದೆ.

ನನ್ನ ಕೋರಿಕೆ ಇಷ್ಟೇ. ಪ್ರತಿ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ, ಆ ವ್ಯಾಪ್ತಿಯಲ್ಲಿ ಕೆಲಸ ಮಾಡಿದ ಹೆಂಗಸರ ಹೆಸರು, ಹುದ್ದೆ, ವರ್ಷ ಬರೆಸಬೇಕು. ಚುನಾಯಿತ ಸದಸ್ಯೆಯರದ್ದೂ ಸೇರಿ. ಅಂಗನವಾಡಿ ಯೋಜನೆ ಶುರುವಾದದ್ದು 1975ರಲ್ಲಿ. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಈಗಿನ ಗ್ರಾಮ ಪಂಚಾಯಿತಿಗೆ ಮೊದಲು ಇದ್ದ ಮಂಡಲ ಪಂಚಾಯಿತಿ ಚುನಾವಣೆ ಆದದ್ದು 1987ರಲ್ಲಿ. ಆಗ ಮೂವತ್ತರ ಆಸುಪಾಸಿನಲ್ಲಿ ಸದಸ್ಯೆ ಆದವರಿಗೆ ಈಗ ಎಪ್ಪತ್ತರ ಹತ್ತಿರ. ಈಗ ಕೇಳಿ ಬರೆದುಕೊಳ್ಳದಿದ್ದರೆ ಮುಂದೆ ಯಾರನ್ನು ಕೇಳುವುದು?

ಹಾಸನ, ಚಿಕ್ಕಮಗಳೂರು ಕಡೆಯವರು ದಯವಿಟ್ಟು ನಿಮ್ಮ ಅಭಿಪ್ರಾಯ ಬರೆಯಿರಿ. ಒಪ್ಪದಿದ್ದರೆ ಅದನ್ನೂ ಬರೆಯಿರಿ.

ಕಾಫಿ ಹೂವು, ಮೂಡಿಗೆರೆ

ಮೇಡಂ, ಸರಿಯಾದ ಮಾತು ಎತ್ತಿದ್ದೀರಿ.

ನಮ್ಮ ಚಿಕ್ಕಮಗಳೂರಿನ ವಿಷಯ ಹೇಳುತ್ತೇನೆ. ಹೊರಗಿನವರ ಜೊತೆ ರಾಜಕೀಯ ಮಾತಾಡಿದರೆ ಮೊದಲು ಬರುವುದು 1978ರ ಉಪಚುನಾವಣೆ. ಇಂದಿರಾ ಗಾಂಧಿ ಇಲ್ಲಿ ವೀರೇಂದ್ರ ಪಾಟೀಲರ ಎದುರು ನಿಂತು ಗೆದ್ದದ್ದು. ಅದು ದೊಡ್ಡ ಸಂಗತಿ, ಇಲ್ಲ ಅನ್ನುವುದಿಲ್ಲ. ಆದರೆ ಅದೇ ವರ್ಷ ನಮ್ಮ ಮೂಡಿಗೆರೆ ಮೀಸಲು ಕ್ಷೇತ್ರದಿಂದ ಮೋಟಮ್ಮನವರು ವಿಧಾನಸಭೆಗೆ ಹೋದರು. ಅದು ಎಷ್ಟು ಜನರಿಗೆ ನೆನಪಿದೆ? ದಲಿತ ಕುಟುಂಬದ ಹೆಣ್ಣುಮಗಳು, ಆ ಕಾಲದ ಮಲೆನಾಡಿನಲ್ಲಿ ಓಟು ಕೇಳಿ ಗೆದ್ದು ಬರುವುದು ಸುಮ್ನೆ ಮಾತಲ್ಲ. ಆಮೇಲೆ ಎಸ್.ಎಂ. ಕೃಷ್ಣ ಅವರ ಸಂಪುಟದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಮಂತ್ರಿ ಆದರು. ವಿಧಾನ ಪರಿಷತ್ತಿನಲ್ಲಿ ವಿರೋಧ ಪಕ್ಷದ ನಾಯಕಿಯೂ ಆದರು.

ಸ್ತ್ರೀಶಕ್ತಿ ಸಂಘಗಳು ಶುರುವಾದದ್ದು 2000-01ರಲ್ಲಿ, ಅವರು ಮಂತ್ರಿಯಾಗಿದ್ದಾಗಲೇ. ನಮ್ಮ ತೋಟದ ಲೈನ್ ಮನೆಗಳ ಹೆಂಗಸರು ಮೊದಲ ಸಲ ತಮ್ಮ ಹೆಸರಲ್ಲಿ ಬ್ಯಾಂಕಿಗೆ ಹೋದದ್ದು ಆ ಸಂಘಗಳಿಂದ. ನಮ್ಮಮ್ಮನ ಸಂಘದ ಪಾಸ್‌ಬುಕ್ ಇನ್ನೂ ಮನೆಯಲ್ಲಿದೆ. ಒಳಗೆ ವಾರ ವಾರದ ಉಳಿತಾಯ ಹತ್ತು ರೂಪಾಯಿ, ಹತ್ತು ರೂಪಾಯಿ ಅಂತ ಪುಟ ತುಂಬ ಬರೆದಿದೆ. ಬರೆದವರು ಊರಿನ ಅಂಗನವಾಡಿ ಟೀಚರ್. ಸಂಘದ ಲೆಕ್ಕ ಎಲ್ಲ ಅವರದ್ದೇ ಅಕ್ಷರ. ಸಂಘಕ್ಕೆ ಸಾಲ ಕೊಟ್ಟ ಮ್ಯಾನೇಜರ್ ಹೆಸರು ಸಮಾರಂಭದಲ್ಲಿ ಹೇಳಿದರು. ಟೀಚರ್ ಹೆಸರು ಹೇಳಲಿಲ್ಲ.

ಇನ್ನೂ ಇದ್ದಾರೆ. ಡಿ.ಕೆ. ತಾರಾದೇವಿಯವರು ನಮ್ಮ ಸಂಸದೆಯಾಗಿದ್ದವರು, ಕೇಂದ್ರದಲ್ಲಿ ರಾಜ್ಯ ಮಂತ್ರಿಯೂ ಆಗಿದ್ದರು. ಬಿ.ಟಿ. ಲಲಿತಾ ನಾಯಕ್ ಹುಟ್ಟಿದ್ದು ಕಡೂರು ತಾಲ್ಲೂಕಿನ ತಂಗಲಿ ತಾಂಡಾದಲ್ಲಿ. ಲಂಬಾಣಿ ಸಮುದಾಯದ ಲೇಖಕಿ, 1994ರಲ್ಲಿ ದೂರದ ದೇವದುರ್ಗದಿಂದ ಗೆದ್ದು ಮಂತ್ರಿ ಆದವರು. ನಮ್ಮ ಜಿಲ್ಲೆಯ ಮಕ್ಕಳಿಗೆ ಈ ಮೂವರ ಹೆಸರನ್ನಾದರೂ ಹೇಳಿಕೊಡುತ್ತೇವಾ?

ಓದುವ ಹುಡುಗ, ಅರಸೀಕೆರೆ

ನಾನು ಕೆಎಎಸ್‌ಗೆ ಓದುತ್ತಿದ್ದೇನೆ. ರಾಜ್ಯ ಮಟ್ಟದ "ಮೊದಲ ಮಹಿಳೆ" ಪಟ್ಟಿ ನಮಗೆ ಬಾಯಿಪಾಠ. ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ, 1972ರಿಂದ 1978. ಏಳು ಸಲ ಗೆದ್ದವರು. ಮೊದಲ ಮಹಿಳಾ ರಾಜ್ಯಪಾಲರು ವಿ.ಎಸ್. ರಮಾದೇವಿ. ಮೊದಲ ಮಹಿಳಾ ಮುಖ್ಯ ಕಾರ್ಯದರ್ಶಿ ತೆರೇಸಾ ಭಟ್ಟಾಚಾರ್ಯ. ಪೊಲೀಸ್ ಇಲಾಖೆಯ ಮೊದಲ ಮಹಿಳಾ ಮಹಾನಿರ್ದೇಶಕಿ ನೀಲಮಣಿ ರಾಜು, 2017ರಲ್ಲಿ. ಅದೇ ವರ್ಷದ ಕೊನೆಗೆ ಕೆ. ರತ್ನಪ್ರಭಾ ಮುಖ್ಯ ಕಾರ್ಯದರ್ಶಿ ಆದರು. ಅಂದರೆ ಆಡಳಿತ, ಪೊಲೀಸ್ ಎರಡರಲ್ಲೂ ಒಂದೇ ಹೊತ್ತಿಗೆ ಮೇಲಿನ ಕುರ್ಚಿಯಲ್ಲಿ ಮಹಿಳೆಯರಿದ್ದರು.

ಯಶೋಧರಾ ದಾಸಪ್ಪನವರದ್ದೂ ಹೇಳಲೇಬೇಕು. ಗಾಂಧಿವಾದಿ, ನಿಜಲಿಂಗಪ್ಪನವರ ಕಾಲದಲ್ಲಿ ಮಂತ್ರಿ. ಪಾನನಿಷೇಧ ಸಡಿಲಿಸಿದ್ದಕ್ಕೆ ಒಪ್ಪದೆ ಮಂತ್ರಿ ಪದವಿ ಬಿಟ್ಟರು.

ನನ್ನ ಪ್ರಶ್ನೆ ಇದು. ಇಷ್ಟೆಲ್ಲ ಗೊತ್ತಿರುವ ನನಗೆ, ನನ್ನ ಸ್ವಂತ ಪಂಚಾಯಿತಿಯ ಮೊದಲ ಮಹಿಳಾ ಅಧ್ಯಕ್ಷೆ ಯಾರು ಅಂತ ಗೊತ್ತಿಲ್ಲ. ಮನೆಯಲ್ಲಿ ಕೇಳಿದೆ. ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಹುಡುಕುವುದು ಎಲ್ಲಿ?

ಕಾಡಂಚಿನ ಆಶಾ, ಬೇಲೂರು ತಾಲ್ಲೂಕು

ಅಕ್ಕ, ನಿಮ್ಮ ಮಾತು ಓದಿ ಖುಷಿ ಆಯಿತು. ನಾನೂ ಒಂದು ಮಾತು ಹೇಳಬೇಕು.

ಆಶಾ ಕಾರ್ಯಕರ್ತೆಯರಿಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಪ್ರಶಸ್ತಿ ಕೊಟ್ಟಿತು. ಕೊರೊನಾ ಕಾಲದಲ್ಲಿ ಚಪ್ಪಾಳೆ ತಟ್ಟಿದರು, ಹೂ ಹಾಕಿದರು. 2025ರ ಜನವರಿ ಚಳಿಯಲ್ಲಿ ಅದೇ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಮಲಗಿದ್ದರು, ಗೌರವಧನ ಹೆಚ್ಚು ಮಾಡಿ ಅಂತ. ನಾವು ಮಾಡುವ ಕೆಲಸಕ್ಕೆ ಸಂಬಳ ಅನ್ನುವುದಿಲ್ಲ. ಪ್ರೋತ್ಸಾಹಧನ, ಗೌರವಧನ ಅನ್ನುತ್ತಾರೆ. ಹೆಸರು ಬರೆಸುವುದಾದರೆ ದುಡ್ಡಿನ ಮಾತನ್ನೂ ಜೊತೆಗೇ ಆಡಿ ಅಂತ ನನ್ನ ವಿನಂತಿ.

ಕೆಲಸ ಏನು ಅಂತ ಜಾಸ್ತಿ ಜನರಿಗೆ ಗೊತ್ತಿಲ್ಲ, ಅದಕ್ಕೆ ಬರೆಯುತ್ತೇನೆ. ಆಸ್ಪತ್ರೆಯಲ್ಲಿ ಹೆರಿಗೆ ಆಗಿ ಮನೆಗೆ ಬಂದ ಬಾಣಂತಿ ಹತ್ತಿರ ನಾವು 3, 7, 14, 21, 28, 42ನೇ ದಿನ ಹೋಗಬೇಕು. ಚೀಲದಲ್ಲಿ ಥರ್ಮಾಮೀಟರ್, ಮಗು ತೂಗುವ ತಕ್ಕಡಿ, ರಿಜಿಸ್ಟರ್. ಮಗುವನ್ನು ಜೋಲಿ ತಕ್ಕಡಿಯಲ್ಲಿ ಮಲಗಿಸಿ ಎತ್ತಿ ಹಿಡಿದಾಗ ಮುಳ್ಳು ಯಾವ ಬಣ್ಣದಲ್ಲಿ ನಿಲ್ಲುತ್ತದೆ ಅಂತ ಅಜ್ಜಿಯಂದಿರೂ ಬಗ್ಗಿ ನೋಡುತ್ತಾರೆ. ಉಸಿರು ಎಣಿಸಬೇಕು. ಹೊಕ್ಕುಳು ನೋಡಬೇಕು. ತಾಯಿಗೆ ಜ್ವರ ಇದೆಯಾ, ಜಾಸ್ತಿ ರಕ್ತ ಹೋಗುತ್ತಿದೆಯಾ ಕೇಳಬೇಕು. ಗಂಡಸರು ಎದ್ದು ಹೊರಗೆ ಹೋಗುವ ತನಕ ಅವರು ಬಾಯಿ ಬಿಡುವುದಿಲ್ಲ, ಕಾಯಬೇಕು.

ನಮ್ಮ ಕಡೆ ಇನ್ನೊಂದು ಕಷ್ಟ ಆನೆ. ಬೇಲೂರು, ಸಕಲೇಶಪುರ, ಆಲೂರು ಮೂರೂ ಕಡೆ ಇದೇ ಪಾಡು. ಅರಣ್ಯ ಇಲಾಖೆಯಿಂದ ಮೊಬೈಲಿಗೆ ಸಂದೇಶ ಬರುತ್ತದೆ, ಇಂಥ ಎಸ್ಟೇಟಿನಲ್ಲಿ ಗುಂಪು ಇದೆ ಅಂತ. ಅವತ್ತೇ 7ನೇ ದಿನದ ಭೇಟಿ ಇದ್ದರೆ ಏನು ಮಾಡುವುದು? ಮಗುವಿಗೆ ಕಾಮಾಲೆ ಕಾಣುವುದು ಆ ವಾರದಲ್ಲೇ. ಜೀಪು ಸಿಕ್ಕಿದರೆ ಜೀಪು. ಇಲ್ಲದಿದ್ದರೆ ತೋಟದ ಲೆಕ್ಕ ನೋಡುವ ರೈಟರ್‌ಗೆ ಫೋನ್ ಮಾಡಿ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗುತ್ತೇವೆ. ಸಂಜೆ ಐದರೊಳಗೆ ವಾಪಸ್ ಬಂದುಬಿಡಬೇಕು.

ಇದಕ್ಕೆ ಶಾಲು ಬೇಡ ಅಂತಲ್ಲ. ಆದರೆ ವರ್ಷಕ್ಕೊಮ್ಮೆ ಒಬ್ಬರನ್ನು ಆರಿಸಿ ವೇದಿಕೆಗೆ ಕರೆದರೆ ಉಳಿದವರಿಗೆ ತಾವು ಏನೂ ಮಾಡಲಿಲ್ಲವೇನೋ ಅನ್ನಿಸುತ್ತದೆ. ಎಲ್ಲರ ಹೆಸರೂ ಇರುವ ಹಲಗೆ ಆದರೆ ಆ ನೋವು ಇರುವುದಿಲ್ಲ.

ನಾಡ ಮೇಷ್ಟ್ರು, ಕಡೂರು

ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಗೌರವದಿಂದಲೇ ಎರಡು ಆಕ್ಷೇಪ ಹೇಳುತ್ತೇನೆ.

ಒಂದು, ಈಗಾಗಲೇ ಪ್ರಶಸ್ತಿಗಳಿವೆ. ಮಹಿಳಾ ದಿನಕ್ಕೆ ಕಿತ್ತೂರು ರಾಣಿ ಚೆನ್ನಮ್ಮ ಪ್ರಶಸ್ತಿ ಇದೆ. ಸರ್ಕಾರಿ ನೌಕರರಿಗೆ ರಾಜ್ಯ ಮತ್ತು ಜಿಲ್ಲಾ ಮಟ್ಟದ ಸರ್ವೋತ್ತಮ ಸೇವಾ ಪ್ರಶಸ್ತಿ ಇದೆ. ಶಿಕ್ಷಕರ ದಿನಾಚರಣೆ ಇದೆ. ಎರಡು, ಕೆಳಗಿನ ಹುದ್ದೆಯ ಗಂಡಸರ ಹೆಸರೂ ಹಲಗೆಯಲ್ಲಿ ಇಲ್ಲ. ನೀರುಗಂಟಿ, ಜವಾನ, ಲೈನ್‌ಮನ್, ಇವರೂ ಇಡೀ ಆಯಸ್ಸು ದುಡಿದವರೇ. ಹೆಂಗಸರದ್ದು ಮಾತ್ರ ಯಾಕೆ?

ಹೇಮಾವತಿ ದಂಡೆ, ಹಾಸನ

ಮೇಷ್ಟ್ರೇ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ.

ಪ್ರಶಸ್ತಿ ವಿಷಯ. ಸರ್ವೋತ್ತಮ ಸೇವೆ ಇರುವುದು ಸರ್ಕಾರಿ ನೌಕರರಿಗೆ. ಅಂಗನವಾಡಿ, ಆಶಾ, ಬಿಸಿಯೂಟದವರು ಲೆಕ್ಕದಲ್ಲಿ ನೌಕರರೇ ಅಲ್ಲ. ನೌಕರರಾದರೂ ನೂರಾರು ಜನರಲ್ಲಿ ಕೆಲವರಿಗೆ ಮಾತ್ರ ಸಿಗುತ್ತದೆ. ಅದು ಅತ್ಯುತ್ತಮರನ್ನು ಆರಿಸುವ ಕೆಲಸ. ನಾನು ಕೇಳುತ್ತಿರುವುದು ಇದ್ದವರನ್ನೆಲ್ಲ ಬರೆದಿಡುವ ಕೆಲಸ. ಇವೆರಡೂ ಬೇರೆ ಬೇರೆ.

ಗಂಡಸರ ವಿಷಯ. ನೀರುಗಂಟಿಯ ಹೆಸರು ಬರೆಯಬೇಡಿ ಅಂತ ನಾನು ಖಂಡಿತ ಹೇಳುವುದಿಲ್ಲ. ಬರೆಯಲಿ. ಆದರೆ ಹೆಂಗಸರ ಹೆಸರು ಹುಡುಕುವುದೇ ಹೆಚ್ಚು ಕಷ್ಟ, ಅದಕ್ಕೇ ಅವರಿಂದ ಶುರು ಮಾಡಬೇಕು ಅನ್ನುತ್ತೇನೆ. ಯಾಕೆ ಕಷ್ಟ ಅಂದರೆ, ಜವಾನನಿಗೆ ಸೇವಾ ಪುಸ್ತಕ ಇತ್ತು. ಗೌರವಧನದವರಿಗೆ ಅದಿಲ್ಲ. ಮದುವೆ ಆದ ಮೇಲೆ ಹೆಸರಿನ ಮುಂದಿನ ಇನಿಷಿಯಲ್ ಬದಲಾಗಿದೆ. ಒಂದು ಕಡತದಲ್ಲಿ ತಂದೆ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು, ಎರಡೂ ಒಬ್ಬರೇ ಅಂತ ಹೇಳುವವರು ಬೇಕು. ಮದುವೆಯಾಗಿ, ವರ್ಗವಾಗಿ ಬೇರೆ ಊರಿಗೆ ಹೋಗಿದ್ದರೆ ಊರಿನವರಿಗೂ ಮರೆತುಹೋಗಿರುತ್ತದೆ.

ಆಶಾ ತಂಗಿ ಹೇಳಿದ್ದು ನೂರಕ್ಕೆ ನೂರು ಸರಿ. ದುಡ್ಡಿನ ಮಾತು ಬಿಟ್ಟು ಗೌರವದ ಮಾತು ಆಡಬಾರದು. ಪಂಚಾಯಿತಿಗೆ ಕೊಡುವ ಮನವಿಯಲ್ಲಿ ಆ ಸಾಲನ್ನೂ ಸೇರಿಸುತ್ತೇನೆ.

ಅಂಗಳದ ಟೀಚರ್, ತರೀಕೆರೆ

ನಾನು ಅಂಗನವಾಡಿಯಿಂದ ನಿವೃತ್ತಿ ಆಗಿದ್ದೇನೆ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟಿನ ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆ, ಸಹಾಯಕಿಯರಿಗೂ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ ಅಂತ ತೀರ್ಪು ಕೊಟ್ಟಿತು. ಗುಜರಾತಿನ ಕಾರ್ಯಕರ್ತೆಯರು ಹಾಕಿದ್ದ ಕೇಸು ಅದು. ಗ್ರಾಚ್ಯುಟಿ ಲೆಕ್ಕ ಹಾಕಲು ಎಷ್ಟು ವರ್ಷ ಕೆಲಸ ಮಾಡಿದ್ದೀರಿ ಅನ್ನುವ ದಾಖಲೆ ಬೇಕೇ ಬೇಕು. ನನ್ನ ನೇಮಕ ಆದೇಶದ ಕಾಗದ ಹಳದಿಯಾಗಿ ಮಡಿಕೆಯಲ್ಲೇ ಹರಿದಿತ್ತು. ನನ್ನ ಸಹಾಯಕಿಯ ಹತ್ತಿರ ಅದೂ ಇರಲಿಲ್ಲ. ಹಾಗಾಗಿ ಹೆಸರು, ಇಂದ, ವರೆಗೆ ಅಂತ ಪಂಚಾಯಿತಿಯಲ್ಲಿ ಬರೆದಿಡುವುದು ಬರೀ ಗೌರವದ ಮಾತಲ್ಲ. ನಮ್ಮಂಥವರಿಗೆ ಅದು ಅನ್ನದ ಮಾತೂ ಹೌದು.

ಮಾಜಿ ಸದಸ್ಯೆ, ಚನ್ನರಾಯಪಟ್ಟಣ

ನಾನು ಒಂದು ಅವಧಿ ಗ್ರಾಮ ಪಂಚಾಯಿತಿ ಸದಸ್ಯೆ ಆಗಿದ್ದೆ. ಮೀಸಲಾತಿಯಿಂದಲೇ ಬಂದೆ, ಅದನ್ನು ಹೇಳಲು ನನಗೇನೂ ಸಂಕೋಚ ಇಲ್ಲ.

1983ರ ಪಂಚಾಯಿತಿ ಕಾಯ್ದೆಯಲ್ಲಿ ಮಹಿಳೆಯರಿಗೆ ಶೇ. 25 ಮೀಸಲಾತಿ ಇಟ್ಟರು. ನೀರ್ ಸಾಬ್ ಅಂತ ಹೆಸರಾದ ಅಬ್ದುಲ್ ನಜೀರ್ ಸಾಬ್ ಅವರ ಕೆಲಸ ಅದು. ದೇಶಕ್ಕೆಲ್ಲ ಮೂರನೇ ಒಂದು ಭಾಗ ಅಂತ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಆಮೇಲೆ. 2010ರಲ್ಲಿ ನಮ್ಮ ರಾಜ್ಯದಲ್ಲಿ ಪಂಚಾಯಿತಿಗಳಿಗೆ ಶೇ. 50 ಆಯಿತು. ಇಷ್ಟು ಕಾನೂನು ಇದ್ದರೂ ನಾನು ಗೆದ್ದಾಗ ಊರಲ್ಲಿ ಹಾಕಿದ ಫ್ಲೆಕ್ಸ್‌ನಲ್ಲಿ ನಮ್ಮ ಯಜಮಾನರ ಫೋಟೋ ದೊಡ್ಡದು, ನನ್ನದು ಮೂಲೆಯಲ್ಲಿ. ಮೊದಲ ಸಭೆಗೆ ಅವರೂ ಬಂದು ನನ್ನ ಪಕ್ಕ ಕೂತರು. ಬೇರೆ ಸದಸ್ಯೆಯರ ಮನೆಯವರೂ ಬಂದಿದ್ದರು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೇಡಂ ಎದ್ದು ನಿಂತು, ಸದಸ್ಯರಲ್ಲದವರು ದಯವಿಟ್ಟು ಹೊರಗಿರಿ ಅಂದರು. ಗಲಾಟೆ ಆಯಿತು. ಅವರು ಜಗ್ಗಲಿಲ್ಲ. ಗಂಡಸರು ಹೊರಗೆ ಹೋಗುವ ತನಕ, ಸಭೆಯಲ್ಲಿ ನಡೆದದ್ದನ್ನು ಬರೆಯುವ ನಡಾವಳಿ ಪುಸ್ತಕ ತೆರೆಯಲೇ ಇಲ್ಲ.

ಆಮೇಲೆ ನಾನು ಮಾತಾಡುವುದು ಕಲಿತೆ. ನಮ್ಮ ಬೀದಿಯ ಚರಂಡಿ, ಹೆಣ್ಣುಮಕ್ಕಳ ಶಾಲೆಯ ನೀರಿನ ಟ್ಯಾಂಕು, ಇವೆರಡನ್ನು ಕ್ರಿಯಾ ಯೋಜನೆಗೆ ಹಾಕಿಸಿದ್ದು ನಾನೇ. ನಡಾವಳಿಯಲ್ಲಿ ನನ್ನ ಸಹಿ ಇದೆ. ನನಗೆ ಇವತ್ತಿಗೂ ಆ ಪಿಡಿಒ ಮೇಡಂ ನೆನಪಾಗುತ್ತಾರೆ. ಹಲಗೆ ಮಾಡಿಸುವುದಾದರೆ ಅವರ ಹೆಸರು ಇರಲೇಬೇಕು. ಮತ್ತೆ ಒಂದು ಷರತ್ತು. ನಮ್ಮ ಹೆಸರಿನ ಮುಂದೆ "ಕೋಂ" ಅಂತ ಗಂಡನ ಹೆಸರು ಬೇಡ. ಗೆದ್ದವರು ನಾವು.

ಓದುವ ಹುಡುಗ, ಅರಸೀಕೆರೆ

ಅಮ್ಮ, ನಡಾವಳಿ ಪುಸ್ತಕ ಅಂದಿರಲ್ಲ, ನನ್ನ ಪ್ರಶ್ನೆಗೆ ಅದೇ ಉತ್ತರ ಅಲ್ವಾ? ಪ್ರತಿ ಸಭೆಯಲ್ಲೂ ಹಾಜರಿದ್ದವರ ಸಹಿ ಇರಬೇಕು. ಹಳೆಯ ಪುಸ್ತಕ ತೆರೆದರೆ ಹೆಸರು ಸಿಗುತ್ತದೆ.

ಪಂಚಾಯಿತಿ ಕಟ್ಟೆ, ಕೊಪ್ಪ

ನಾನು ಪಿಡಿಒ. ಹುಡುಗ ಹೇಳಿದ್ದು ಸರಿ. ದಾರಿ ಹೀಗಿದೆ.

ಈಗಿನ ಗ್ರಾಮ ಪಂಚಾಯಿತಿಗಳು 1993ರ ಕಾಯ್ದೆಯಲ್ಲಿ ಆದವು. ಆಮೇಲಿನ ನಡಾವಳಿಗಳು ಪಂಚಾಯಿತಿಯಲ್ಲೇ ಇರಬೇಕು. ಅದಕ್ಕೆ ಮೊದಲು ಒಂದು ಮಂಡಲದಲ್ಲಿ ಈಗಿನ ಎರಡು ಮೂರು ಪಂಚಾಯಿತಿ ಸೇರಿದ್ದವು. ಹಾಗಾಗಿ 1987ರ ಮಂಡಲದ ಪುಸ್ತಕ ಪಕ್ಕದ ಪಂಚಾಯಿತಿಯಲ್ಲೋ ತಾಲ್ಲೂಕು ಪಂಚಾಯಿತಿಯಲ್ಲೋ ಸಿಗಬಹುದು. ಮಲೆನಾಡಿನಲ್ಲಿ ಮಳೆ, ಗೆದ್ದಲು ಎರಡೂ ಕಾಗದಕ್ಕೆ ಶತ್ರು. ಬೇಸಿಗೆಯಲ್ಲೇ ಕಪಾಟು ತೆಗೆಸಿ, ಬಿಸಿಲಿಗೆ ಇಟ್ಟು, ಮೊಬೈಲಿನಲ್ಲಿ ಪುಟ ಪುಟ ಫೋಟೋ ತೆಗೆದುಕೊಳ್ಳಿ. ಜೂನ್ ಬಂದ ಮೇಲೆ ಆಗುವುದಿಲ್ಲ.

ಅಂಗನವಾಡಿಯವರ ಪಟ್ಟಿ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ. ದಾದಿಯರದ್ದು ಪ್ರಾಥಮಿಕ ಆರೋಗ್ಯ ಕೇಂದ್ರ ಇಲ್ಲವೇ ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿ. ಶಾಲೆಗೆ ಹೋದರೆ ಹಳೆಯ ಹಾಜರಿ ಪುಸ್ತಕ. ಈಗ ಕೆಲಸದಲ್ಲಿರುವವರ ಪಟ್ಟಿಯಂತೂ ಕೇಳುವುದೇ ಬೇಡ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಅಧಿಕಾರಿ, ನೌಕರರ ಹೆಸರಿನ ಕೈಪಿಡಿಯನ್ನು ಪ್ರತಿ ಕಚೇರಿ ತಾನಾಗಿಯೇ ಪ್ರಕಟಿಸಬೇಕು.

ಹಲಗೆಯ ಖರ್ಚು ಸಣ್ಣದು. ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿದರೆ ಪಂಚಾಯಿತಿಯ ಸ್ವಂತ ನಿಧಿಯಲ್ಲಿ ಮುಗಿಯುತ್ತದೆ. ಒಂದೇ ಎಚ್ಚರಿಕೆ. ಬದುಕಿರುವವರನ್ನು ಕೇಳಿ ಬರೆಯಿರಿ. ಕೆಲವರಿಗೆ ಇಷ್ಟ ಇಲ್ಲದೆ ಇರಬಹುದು. ಜಾತಿ, ಫೋನ್ ನಂಬರ್, ವಿಳಾಸ ಯಾವುದೂ ಬೇಡ.

ದಾದಿ ಮಗಳು, ಸಕಲೇಶಪುರ

ನಮ್ಮಮ್ಮ ಮಲೆನಾಡಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ಎಎನ್ಎಂ, ಅಂದರೆ ಹಳ್ಳಿಯ ದಾದಿ ಆಗಿದ್ದರು. ಈಗ ಇಲ್ಲ. ಊರಿನವರು ಅವರನ್ನು ನರ್ಸಮ್ಮ ಅನ್ನುತ್ತಿದ್ದರು. ಹೆಸರು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ.

ಆಗ ಒಮ್ಮೆ ಬಳಸಿ ಎಸೆಯುವ ಸಿರಿಂಜು ಇರಲಿಲ್ಲ. ಗಾಜಿನ ಸಿರಿಂಜು. ಲಸಿಕೆ ದಿನ ಅಮ್ಮ ಬೆಳಗಿನ ಜಾವ ಎದ್ದು ಸೀಮೆಎಣ್ಣೆ ಸ್ಟೌ ಹಚ್ಚಿ, ಸೂಜಿ, ಸಿರಿಂಜು ಎಲ್ಲ ನೀರಲ್ಲಿ ಕುದಿಸುತ್ತಿದ್ದರು. ಒಂದು ಸ್ಟೀಲ್ ಡಬ್ಬಿ, ಒಳಗೆ ಬಿಳಿ ಬಟ್ಟೆ. ಆ ಡಬ್ಬಿ ಮುಟ್ಟಲು ನಮಗೆ ಬಿಡುತ್ತಿರಲಿಲ್ಲ. ಆರೋಗ್ಯ ಕೇಂದ್ರದಿಂದ ಐಸ್ ಇಟ್ಟ ಲಸಿಕೆ ಪೆಟ್ಟಿಗೆ ಬಸ್ಸಿನಲ್ಲಿ ಬರಬೇಕು. ಮಳೆಗಾಲದಲ್ಲಿ ಮರ ಬಿದ್ದು ಬಸ್ಸು ನಿಂತರೆ ಅಮ್ಮ ಎದುರು ನಡೆದು ಹೋಗಿ ತರುತ್ತಿದ್ದರು, ಐಸ್ ಕರಗಿದರೆ ಲಸಿಕೆ ಹಾಳು ಅಂತ. ಜಿಗಣೆ ಕಚ್ಚಿದ ಕಾಲಿಗೆ ಸುಣ್ಣ ಹಚ್ಚಿಕೊಂಡು ಮತ್ತೆ ರಿಜಿಸ್ಟರ್ ಬರೆಯಲು ಕೂರುತ್ತಿದ್ದರು. 1995ರಲ್ಲಿ ಪಲ್ಸ್ ಪೋಲಿಯೊ ಬಂದಾಗ ಅವರಿಗೆ ಬಹಳ ಖುಷಿ. ಕಾಲು ಸೊರಗಿದ ಮಕ್ಕಳನ್ನು ಕಣ್ಣಾರೆ ಕಂಡವರು. 2014ರಲ್ಲಿ ಭಾರತ ಪೋಲಿಯೊ ಮುಕ್ತ ಅಂತ ಟಿವಿಯಲ್ಲಿ ಹೇಳಿದಾಗ ಎದ್ದು ಹೋಗಿ ದೇವರ ದೀಪ ಹಚ್ಚಿದರು.

ಹೆರಿಗೆ ಪುಸ್ತಕದಲ್ಲಿ ಅವರ ಕೈಯಲ್ಲಿ ಹುಟ್ಟಿದ ಮಕ್ಕಳ ತಾರೀಖು, ತೂಕ, ತಾಯಿ ಹೆಸರು ಎಲ್ಲ ಇರುತ್ತಿತ್ತು. ಹೆರಿಗೆ ಮಾಡಿಸಿದವರು ಅನ್ನುವ ಕಾಲಂನಲ್ಲಿ ಬರೀ "ಎಎನ್ಎಂ".

ಅವರ ನೇಮಕದ ಆದೇಶ, ವರ್ಗಾವಣೆ ಕಾಗದ ಎಲ್ಲ ನಮ್ಮ ಹತ್ತಿರ ಇದೆ. ಮನೆಯವರ ಹತ್ತಿರ ಇರುವ ಕಾಗದ ನೋಡಿ ಹೆಸರು ಸೇರಿಸುವುದಕ್ಕೆ ಅವಕಾಶ ಇಡುತ್ತೀರಾ? ಇಟ್ಟರೆ ನಾನು ನಕಲು ತಂದುಕೊಡುತ್ತೇನೆ.

ಹೇಮಾವತಿ ದಂಡೆ, ಹಾಸನ

ಖಂಡಿತ ಇಡುತ್ತೇವಮ್ಮ. ನಿಮ್ಮ ತಾಯಿಯ ಹೆಸರು ಮೊದಲ ಪುಟದಲ್ಲೇ ಇರಲಿ. ಆ ಸ್ಟೀಲ್ ಡಬ್ಬಿ ಇದ್ದರೆ ಜೋಪಾನ ಮಾಡಿ.

ಬೆಳಗಿನ ಟ್ರಿಪ್, ಹಾಸನ

ನಾನು ಬಸ್ ಕಂಡಕ್ಟರ್. ಚಿಕ್ಕದಾಗಿ ಹೇಳುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಹೆಂಗಸರು ತುಂಬಿರುತ್ತಾರೆ. ಒಳ್ಳೆಯದೇ. ಪ್ರತಿಯೊಬ್ಬರಿಗೂ ಶೂನ್ಯ ದರದ ಟಿಕೆಟ್ ಕೊಡಬೇಕು, ಆಧಾರ್ ನೋಡಬೇಕು. ಕೆಲಸ ಎರಡರಷ್ಟು. ಹಳ್ಳಿ ಕಡೆ ಕೊನೆಯ ನಿಲ್ದಾಣದಲ್ಲಿ ನಮಗೆ ಶೌಚಾಲಯ ಇಲ್ಲ. ಡ್ರೈವರ್ ಅಣ್ಣಂದಿರು ಎಲ್ಲಾದರೂ ಹೋಗಿಬರುತ್ತಾರೆ. ನಾವು ನೀರು ಕುಡಿಯುವುದನ್ನೇ ಬಿಟ್ಟಿದ್ದೇವೆ. ಪರಿಚಯದ ಮನೆ ಇದ್ದರೆ ಅವರೇ ಒಳಗೆ ಕರೆಯುತ್ತಾರೆ, ಅವರ ಹೊಟ್ಟೆ ತಣ್ಣಗಿರಲಿ. ಮಹಿಳಾ ದಿನಕ್ಕೆ ಪಂಚಾಯಿತಿಗಳು ನಮಗೆ ಏನಾದರೂ ಮಾಡುವುದಾದರೆ, ಬಸ್ಸು ತಿರುಗುವ ಜಾಗದಲ್ಲಿ ಬೀಗ ಇರುವ ಒಂದು ಶೌಚಾಲಯ ಮಾಡಿಸಿ, ಬೀಗದ ಕೈ ಹತ್ತಿರದ ಅಂಗಡಿಯಲ್ಲಿ ಇಡಿ. ಹಲಗೆಗೂ ನನ್ನ ಬೆಂಬಲ ಇದೆ.

ನಾಡ ಮೇಷ್ಟ್ರು, ಕಡೂರು

ಮೇಲಿನದ್ದೆಲ್ಲ ಓದಿದೆ. ಹೆಂಗಸರಿಂದ ಶುರು ಮಾಡುವುದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ನೀರುಗಂಟಿಯ ಪಟ್ಟಿ ಮಾಡುವ ಕೆಲಸ ನಾನು ಬಿಡುವುದಿಲ್ಲ, ಅದನ್ನು ನಮ್ಮೂರಲ್ಲಿ ನಾನೇ ಮಾಡುತ್ತೇನೆ.

ಚುನಾಯಿತರನ್ನೂ ನೌಕರರನ್ನೂ ಒಂದೇ ಹಲಗೆಯಲ್ಲಿ ಹಾಕಬೇಡಿ. ಪಕ್ಷದ ಜಗಳ ಹಲಗೆಗೂ ಬರುತ್ತದೆ. ಹೊಸ ಆಡಳಿತ ಬಂದರೆ ಹಳಬರ ಹೆಸರು ಇರುವ ಹಲಗೆಯನ್ನು ಕಪಾಟಿನ ಹಿಂದೆ ಸರಿಸುವುದನ್ನು ನಾನು ನೋಡಿದ್ದೇನೆ.

ಕಾಫಿ ಹೂವು, ಮೂಡಿಗೆರೆ

ಬೇರೆ ಬೇರೆ ಹಲಗೆ ಇರಲಿ, ಆದರೆ ಚುನಾಯಿತರನ್ನು ಬಿಡುವುದು ಬೇಡ ಮೇಷ್ಟ್ರೇ. ಲೆಕ್ಕ ನೋಡಿ. ಹಾಸನ ಜಿಲ್ಲೆಯಲ್ಲಿ 7 ವಿಧಾನಸಭಾ ಕ್ಷೇತ್ರ, ಚಿಕ್ಕಮಗಳೂರಿನಲ್ಲಿ 5. ಒಟ್ಟು 12ರಲ್ಲಿ 2023ರಲ್ಲಿ ಗೆದ್ದ ಮಹಿಳೆ ಒಬ್ಬರೇ, ನಮ್ಮ ಮೂಡಿಗೆರೆಯ ನಯನಾ ಮೋಟಮ್ಮ. ಹಾಸನದಲ್ಲಿ ಒಬ್ಬರೂ ಇಲ್ಲ. ಇಡೀ ರಾಜ್ಯದ 224ರಲ್ಲಿ 10. ವಿಧಾನಸಭೆಯಲ್ಲೂ ಮಹಿಳೆಯರಿಗೆ ಮೀಸಲಾತಿ ಕೊಡುವ ಸಂವಿಧಾನದ 106ನೇ ತಿದ್ದುಪಡಿ 2023ರಲ್ಲೇ ಆಗಿದೆ, ಮೂರನೇ ಒಂದು ಭಾಗ ಅಂದರೆ ಸುಮಾರು 75 ಸೀಟು. ಅದು ಜಾರಿಗೆ ಬಂದಾಗ ನಿಲ್ಲಲು ಹೆಂಗಸರು ಎಲ್ಲಿದ್ದಾರೆ ಅಂತ ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ಪಂಚಾಯಿತಿಯ ಈ ಹಲಗೆ ತೋರಿಸಬೇಕು. ಸಭೆ ನಡೆಸಿ, ಬಜೆಟ್ ಮಂಡಿಸಿ, ಜಗಳ ಬಿಡಿಸಿ ಅನುಭವ ಇರುವವರು ಪ್ರತಿ ಹೋಬಳಿಯಲ್ಲೂ ಇದ್ದಾರೆ.

ಹಾಸನದವರಿಗೆ ಒಂದು ಮಾತು. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವರು ನಿಮ್ಮ ನಗರಸಭೆಯ ಸದಸ್ಯೆಯೂ ಆಗಿದ್ದರು. ವಾರ್ಡಿನ ನಲ್ಲಿ, ಬೀದಿ ದೀಪದ ಕೆಲಸ ಮಾಡಿದ್ದನ್ನು ಯಾರಾದರೂ ಬರೆದರಾ?

ಹೇಮಾವತಿ ದಂಡೆ, ಹಾಸನ

ಬರೆದದ್ದು ಕಡಿಮೆ. ನಗರಸಭೆಯ ಹಳೆಯ ಸದಸ್ಯೆಯರ ಪಟ್ಟಿಯನ್ನೂ ನಮ್ಮ ಕೆಲಸಕ್ಕೆ ಸೇರಿಸಿಕೊಳ್ಳುತ್ತೇನೆ.

ಎಲ್ಲರ ಮಾತು ಕೇಳಿದ ಮೇಲೆ ಹೀಗೆ ಮಾಡೋಣ ಅನ್ನಿಸಿದೆ. ಎರಡು ಹಲಗೆ, ಒಂದು ಚುನಾಯಿತರದ್ದು, ಒಂದು ಕೆಲಸ ಮಾಡಿದವರದ್ದು. ಜೊತೆಗೆ ಒಂದು ದಪ್ಪ ರಟ್ಟಿನ ಪುಸ್ತಕ. ಹಲಗೆಯಲ್ಲಿ ಹೆಸರು, ಹುದ್ದೆ, ವರ್ಷ ಅಷ್ಟೇ. ಪುಸ್ತಕದಲ್ಲಿ ಅವರು ಮಾಡಿದ ಕೆಲಸ, ಸಾಧ್ಯವಾದರೆ ಅವರ ಮಾತಲ್ಲೇ. ಚನ್ನರಾಯಪಟ್ಟಣದ ಅಮ್ಮ ಹೇಳಿದ ಚರಂಡಿ, ನೀರಿನ ಟ್ಯಾಂಕು, ಆ ಪಿಡಿಒ ಮೇಡಂ ವಿಷಯ ಎಲ್ಲ ಪುಸ್ತಕಕ್ಕೆ ಹೋಗಲಿ. ಹೆಸರು ಅವರದ್ದೇ, "ಕೋಂ" ಇಲ್ಲ. ಮನವಿಯಲ್ಲಿ ಗೌರವಧನ, ಗ್ರಾಚ್ಯುಟಿ, ಬಸ್ಸು ತಿರುಗುವ ಜಾಗದ ಶೌಚಾಲಯ ಈ ಮೂರನ್ನೂ ಬರೆಯುತ್ತೇನೆ. ಮೊದಲ ಎರಡು ಪಂಚಾಯಿತಿ ಕೈಯಲ್ಲಿ ಇಲ್ಲ, ಠರಾವು ಮಾಡಿ ಮೇಲೆ ಕಳಿಸಬಹುದು. ಮೂರನೆಯದು ಅವರ ಕೈಯಲ್ಲೇ ಇದೆ.

ಹಾಸನ ತಾಲ್ಲೂಕಿನಲ್ಲಿ ಶಾಂತಿಗ್ರಾಮ ಹೋಬಳಿ ನಾನು ನೋಡಿಕೊಳ್ಳುತ್ತೇನೆ. ಮಂಡಲದ ಕಾಲದ ಇಬ್ಬರು ಸದಸ್ಯೆಯರು ಅಲ್ಲಿ ಇದ್ದಾರೆ ಅಂತ ಗೊತ್ತಾಗಿದೆ. ಒಬ್ಬರಿಗೆ ಕಿವಿ ಮಂದ, ಅವರ ಸೊಸೆ ಜೊತೆಗಿದ್ದು ಹೇಳಿಸುತ್ತೇನೆ ಅಂದಿದ್ದಾರೆ. ದುದ್ದ, ಸಾಲಗಾಮೆ, ಕಟ್ಟಾಯ ಕಡೆಯವರು ಯಾರಾದರೂ ಇದ್ದೀರಾ?

ಬೆಳಗಿನ ಟ್ರಿಪ್, ಹಾಸನ

ಸಾಲಗಾಮೆ ರೂಟಿನಲ್ಲಿ ನಾನು ವಾರಕ್ಕೆ ಎರಡು ಮೂರು ಸಲ ಹೋಗುತ್ತೇನೆ. ಬಸ್ಸಿನಲ್ಲೇ ಅಜ್ಜಿಯರನ್ನು ಕೇಳಿ ಹೆಸರು ಬರೆದುಕೊಂಡು ತರುತ್ತೇನೆ. ನಮೂನೆ ಒಂದು ಕಳಿಸಿ ಅಮ್ಮ.

ಓದುವ ಹುಡುಗ, ಅರಸೀಕೆರೆ

ನಮ್ಮ ಪಂಚಾಯಿತಿಗೆ ಹೋಗಿ ಕೇಳಿದೆ. 1994ರ ನಡಾವಳಿ ಪುಸ್ತಕ ಸಿಕ್ಕಿದೆ, ಬೆನ್ನು ಕಿತ್ತುಹೋಗಿದೆ, ಒಳಗಿನ ಪುಟ ಚೆನ್ನಾಗಿದೆ. ಮೊದಲ ಸಭೆಯಲ್ಲಿ ಮೂವರು ಸದಸ್ಯೆಯರ ಹೆಸರಿದೆ. ಇಬ್ಬರ ಸಹಿ, ಒಬ್ಬರ ಹೆಬ್ಬೆಟ್ಟು. ಹೆಬ್ಬೆಟ್ಟಿನವರ ಮನೆ ನಮ್ಮ ಹಿಂದಿನ ಬೀದಿಯಲ್ಲೇ ಇದೆ. ಭಾನುವಾರ ಹೋಗಿ ಮಾತಾಡಿಸುತ್ತೇನೆ.